‘ಬೇಡ’ ಎನ್ನುವವನ ಮಾತು

ನಮ್ಮ ಪೆರಾಬೆಯ ಕಡೆ ಮಳೆಗಾಲದಲ್ಲಿ ಅಡಕೆಗೆ ಮದ್ದು ಬಿಡುವ ದಿನ ಬಂದರೆ, ಮರ ಹತ್ತುವವನ ಮಾತೇ ಕಡೆಯ ಮಾತು. “ಮರ ಜಾರುತ್ತಿದೆ, ಇಂದು ಬೇಡ” ಎಂದು ಅವನು ಕೆಳಗೇ ಕುಳಿತರೆ, ತೋಟದ ಯಜಮಾನನು ಮುಖ ಸಿಂಡರಿಸಿಯಾನು. ಆದರೆ ಮರ ಹತ್ತಲರಿಯದ ಇನ್ನೊಬ್ಬನನ್ನು ಮೇಲೆ ಕಳುಹಿಸಲಾರನು. ಒಂದು ಅಡಕೆಮರದ ಎತ್ತರಕ್ಕೆ ನಮಗಿರುವ ಈ ವಿವೇಕ, ಆಕಾಶಕ್ಕೆ ಏರಿದಾಗ ಎಲ್ಲಿ ಹೋಗುತ್ತದೆ?

2024ರ ಆಗಸ್ಟ್ 12ರ ನಡುರಾತ್ರಿ ಕಳೆದ ಮೇಲೆ, ಆಸ್ಟ್ರೇಲಿಯದ ಕೇರ್ನ್ಸ್ ನಗರದಲ್ಲಿ ಹೆಲಿಕಾಪ್ಟರೊಂದು ಹೋಟೆಲಿನ ಮಾಡಿಗೆ ಅಪ್ಪಳಿಸಿತು. ಅದನ್ನು ಹಾರಿಸಿದವನು ಆ ಸಂಸ್ಥೆಯ ಚಾಲಕನಲ್ಲ, ನೆಲದ ಮೇಲಿನ ಕೆಲಸಗಾರ. ಯಾರ ಅಪ್ಪಣೆಯೂ ಇಲ್ಲದೆ, ಮದ್ಯದ ಅಮಲಿನಲ್ಲಿ ಏರಿದ್ದನೆಂದು ತನಿಖೆ ಹೇಳಿತು. ಸತ್ತವನು ಅವನೊಬ್ಬನೇ. ಆ ಹೊತ್ತಿನಲ್ಲಿ ಅವನಿಗೆ ‘ಬೇಡ’ ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ನಮ್ಮಲ್ಲಿ ಹಾಗಲ್ಲ, ಜನರಿದ್ದರು. 2016ರ ನವೆಂಬರ್ 7ರಂದು ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ನಟರಾದ ಅನಿಲ್ ಮತ್ತು ಉದಯ್ ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದರು, ಮೇಲೆ ಬರಲಿಲ್ಲ. ಯಂತ್ರಕ್ಕೆ ಏನೂ ಆಗಲಿಲ್ಲ. ಈಜು ಸರಿಯಾಗಿ ಬರದೆಂದು ಅವರೇ ಮುಂಚಿತವಾಗಿ ವರದಿಗಾರರೊಡನೆ ಹೇಳಿಕೊಂಡಿದ್ದರು. ಕೇಳಿದ ನಾವು ಅದನ್ನು ಸಾಹಸಕ್ಕೆ ಸೇರಿದ ಸೊಗಸೆಂದು ಎಣಿಸಿದೆವು. ಅಪರಾಧವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ; ನನ್ನ ಪ್ರಶ್ನೆ ಪ್ರೇಕ್ಷಕರಾದ ನಮ್ಮನ್ನು ಕುರಿತದ್ದು.

ಅರ್ಹತೆಯ ಪತ್ರವೊಂದಿದ್ದರೆ ಸಾಕು ಎನ್ನುವವರಿದ್ದಾರೆ. ಅವರು ಬಜ್ಪೆಯನ್ನು ನೆನೆಯಬೇಕು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನದ ಮುಖ್ಯ ಚಾಲಕನಿಗೆ ಹತ್ತು ಸಾವಿರ ಗಂಟೆಗೂ ಮಿಕ್ಕಿದ ಹಾರಾಟದ ಅನುಭವವಿತ್ತು. ದಾರಿಯಲ್ಲಿ ಬಹಳ ಹೊತ್ತು ನಿದ್ರಿಸಿದ್ದ ಆತ, ಇರಬೇಕಾದುದಕ್ಕಿಂತ ಎತ್ತರದಿಂದ ವಿಮಾನವನ್ನು ಇಳಿಸತೊಡಗಿದಾಗ, ಇಳಿಯುವುದನ್ನು ಬಿಟ್ಟು ಮತ್ತೊಮ್ಮೆ ಸುತ್ತಿ ಬರೋಣವೆಂದು ಸಹಚಾಲಕನು ಮೂರು ಸಲ ಹೇಳಿದನು. ಹಿರಿಯನು ಕೇಳಲಿಲ್ಲ. 166 ಮಂದಿಯಲ್ಲಿ ಉಳಿದವರು ಎಂಟೇ ಜನ. ನಮ್ಮ ಜಿಲ್ಲೆಯ ಎಷ್ಟು ಮನೆಗಳಲ್ಲಿ ಆ ಬೆಳಗು ಇನ್ನೂ ಮುಗಿದಿಲ್ಲ!

ಒಂದೆಡೆ ಅರ್ಹತೆಯಿಲ್ಲ, ಒಂದೆಡೆ ಅಪ್ಪಣೆಯಿಲ್ಲ, ಇನ್ನೊಂದೆಡೆ ಎರಡೂ ಇದ್ದು ಕಿವಿಯಿಲ್ಲ. ಮೂರರ ಬೇರೂ ಒಂದೇ ಎಂದು ನನ್ನ ಎಣಿಕೆ. ‘ಬೇಡ’ ಎನ್ನುವವನನ್ನು ನಾವು ಹೇಡಿಯೆಂದೋ ಅಧಿಕಪ್ರಸಂಗಿಯೆಂದೋ ತಿಳಿಯುತ್ತೇವೆ. ಧೈರ್ಯವಿಲ್ಲದಿದ್ದರೆ ವಿಮಾನವೇ ಹುಟ್ಟುತ್ತಿರಲಿಲ್ಲವೆಂಬ ವಾದ ನಿಜ. ಆದರೆ ತನ್ನ ಪ್ರಾಣವನ್ನು ಒಡ್ಡುವ ಧೈರ್ಯ ಬೇರೆ. ಹಿಂದಿನ ಆಸನದಲ್ಲಿ ನಂಬಿ ಕುಳಿತವರ ಪ್ರಾಣವನ್ನು ಒಡ್ಡುವ ಉದ್ಧಟತನ ಬೇರೆ. ಅಪ್ಪಣೆಯ ಚೀಟಿ ಸರಕಾರದ ಕಿರುಕುಳವಲ್ಲ. ಹಾಗೆ ನಂಬಿ ಕುಳಿತವರಿಗೆ ಕೊಟ್ಟ ಮಾತು ಅದು.

ಕಾನೂನುಗಳು ಈಗಾಗಲೇ ಇವೆ. ಅವು ಮಾತ್ರ ಸಾಲವು. ನಮ್ಮ ಶಾಲೆಗಳಲ್ಲಿ ಹುಡುಗನೊಬ್ಬನು ಎದ್ದುನಿಂತು “ನನಗೆ ಇದು ಬಾರದು” ಎಂದಾಗ ತರಗತಿ ನಗುತ್ತದೆ. ಆ ನಗೆಯನ್ನು ಉಪಾಧ್ಯಾಯರು ಅಲ್ಲಿಯೇ ತಡೆಯಬೇಕು. ನಾಳೆ ಯಾವುದೋ ವಿಮಾನದ ಎರಡನೆಯ ಆಸನದಲ್ಲಿ ಅವನೇ ಕುಳಿತಿದ್ದಾನು. ಅಂದು ಅವನ ಬಾಯಿಂದ ಆ ಮಾತು ಗಟ್ಟಿಯಾಗಿ ಹೊರಡಬೇಕು, ಪಕ್ಕದವನು ಅದನ್ನು ಕೇಳಲೂ ಬೇಕು.