ಚಲಾವಣೆಯಾಗದ ನೆನಪು

ನಾಣ್ಯವೆಂದರೆ ಕೈಯಿಂದ ಕೈಗೆ ನಡೆಯತಕ್ಕದ್ದು. ತರಕಾರಿಯವಳ ಸೆರಗಿನ ಗಂಟಿನಿಂದ ಬಸ್ಸಿನ ಕಂಡಕ್ಟರನ ಚೀಲಕ್ಕೆ, ಅಲ್ಲಿಂದ ದೇವರ ಹುಂಡಿಗೆ ಓಡಾಡಿ ಸವೆಯುವುದೇ ಅದರ ಬಾಳು. ಈಗಿನ ಸರ್ಕಾರಗಳಿಗಾದರೋ, ನಡೆಯದ ನಾಣ್ಯಗಳ ಮೇಲೆಯೇ ಮೋಹ. ‘ಸ್ಮಾರಕ ನಾಣ್ಯ’ವೆಂಬುದು ಅದಕ್ಕಿಟ್ಟ ಹೆಸರು. ಹೀಗೆ ಪೆಟ್ಟಿಗೆಯಲ್ಲಿ ಮಲಗುವ ಸ್ಮಾರಕ ಯಾರ ಸ್ಮರಣೆಗೆ ಎಂದು ನಾನು ಕೇಳಬಯಸುತ್ತೇನೆ.

1918ರ ಏಪ್ರಿಲ್ 1ರಂದು ಹುಟ್ಟಿದ ಬ್ರಿಟನ್ನಿನ ರಾಯಲ್ ಏರ್ ಫೋರ್ಸಿಗೆ 2018ರಲ್ಲಿ ನೂರು ತುಂಬಿತು. ಅಲ್ಲಿನ ಟಂಕಸಾಲೆ ಎರಡು ಪೌಂಡಿನ ಐದು ನಾಣ್ಯಗಳನ್ನು ಅಚ್ಚುಹಾಕಿ, ಮುಖಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಸಂಗ್ರಾಹಕರಿಗೆ ಮಾರಿತು. ಒಂದರ ಮೇಲೆ ಪಡೆಯ ಲಾಂಛನ. ಉಳಿದವುಗಳ ಮೇಲೆ ಸ್ಪಿಟ್‌ಫೈರ್, ವಲ್ಕನ್, ಲೈಟ್ನಿಂಗ್ ವಿಮಾನಗಳು ಮತ್ತು ಸೀ ಕಿಂಗ್ ಹೆಲಿಕಾಪ್ಟರ್. ಐದನ್ನೂ ತಿರುವಿಹಾಕಿದರೆ ಕಾಣುವ ಮನುಷ್ಯಮುಖ ಒಂದೇ, ರಾಣಿಯದು. ರಾಣಿ ಎಂದೂ ಯುದ್ಧವಿಮಾನ ಹಾರಿಸಿದವರಲ್ಲ.

ಹಾರಿಸಿದವರೆಲ್ಲಿ? ಆ ಪಡೆ ಹುಟ್ಟಿದ ವರ್ಷವೇ, 1918ರ ಜುಲೈನಲ್ಲಿ, ಎರಡು ವಾರದೊಳಗೆ ಹತ್ತು ಶತ್ರುವಿಮಾನಗಳನ್ನು ಸೋಲಿಸಿ, ಹತ್ತೊಂಬತ್ತರ ವಯಸ್ಸಿಗೆ ಫ್ರಾನ್ಸಿನ ಬಾನಿನಲ್ಲಿ ಮಡಿದ ಕಲ್ಕತ್ತೆಯ ಇಂದ್ರಲಾಲ್ ರಾಯ್ ಎಲ್ಲಿ? 1925ರಲ್ಲಿ ಅದೇ ಪಡೆ ವಜೀರಿಸ್ತಾನದ ಬೆಟ್ಟಗಳಲ್ಲಿ ಬಾಂಬು ಸುರಿಸಿತಲ್ಲ, ಅದೂ ಇತಿಹಾಸವಲ್ಲವೆ? ಅಂಗುಲದಗಲದ ಲೋಹದಲ್ಲಿ ಇದೆಲ್ಲ ಹಿಡಿಸೀತೆ ಎಂದು ಕೇಳುವವರಿದ್ದಾರೆ. ಹಿಡಿಸದು, ನಿಜ. ಆದರೆ ಜಾಗ ಕಿರಿದಾದಷ್ಟೂ ಆಯ್ಕೆ ನಮ್ಮ ಮನಸ್ಸನ್ನು ಹೊರಗೆಡಹುತ್ತದೆ. ಅಲ್ಲಿ ಆಯ್ಕೆಯಾದದ್ದು ಯಂತ್ರ.

ನೆರೆಮನೆಯ ಮಾತು ನಮಗೇಕೆ ಎನ್ನಬೇಡಿ. ನಮ್ಮ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. 2032ಕ್ಕೆ ಅದಕ್ಕೂ ನೂರು. ಆಗ ಒಂದು ನಾಣ್ಯ ಬಂದೇ ಬರುತ್ತದೆ. ಅದರ ಮೇಲೊಂದು ಹೊಸ ವಿಮಾನ ಹಾರಿಯೇ ಹಾರುತ್ತದೆ. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ ಹೊರಡಿಸಿದ, ಅರ್ಧ ಬೆಳ್ಳಿಯ 75 ರೂಪಾಯಿ ನಾಣ್ಯವನ್ನು ಯಾರಾದರೂ ಅಂಗಡಿಯಲ್ಲಿ ಕೊಟ್ಟು ಬೇಳೆ ತಂದುದುಂಟೆ?

ಯಂತ್ರವೇ ಹಿರಿದೆನ್ನುವವರು 1965ರ ಸೆಪ್ಟೆಂಬರ್ 7ನ್ನು ನೆನೆಯಲಿ. ಸರ್ಗೋಧಾದ ದಾಳಿಯಲ್ಲಿ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕೈಯಲ್ಲಿದ್ದದ್ದು ಮಿಸ್ಟೇರ್. ಎದುರಿಗೆ ಬಂದದ್ದು ಅದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್. ಯಂತ್ರದ ಲೆಕ್ಕದಲ್ಲಿ ದೇವಯ್ಯ ಸೋಲಬೇಕಿತ್ತು. ಬಿದ್ದದ್ದು ಸ್ಟಾರ್‌ಫೈಟರ್. ದೇವಯ್ಯ ಮರಳಿ ಬರಲಿಲ್ಲ. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ! ವಿಮಾನಗಳನ್ನು ಎಣಿಸಿಡುವ ನಾವು ಮನುಷ್ಯರನ್ನು ಮರೆಯುವ ಪರಿ ಇದು.

1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ನಮ್ಮ ಮೊದಲ ಸ್ಕ್ವಾಡ್ರನ್ ಕಣ್ಬಿಟ್ಟಾಗ ಇದ್ದದ್ದು ನಾಲ್ಕು ವಾಪಿಟಿ ವಿಮಾನಗಳು, ಆರು ಮಂದಿ ಅಧಿಕಾರಿಗಳು, ಹತ್ತೊಂಬತ್ತು ಮಂದಿ ‘ಹವಾಯಿ ಸಿಪಾಯಿ’ಗಳು. ಆ ವಾಪಿಟಿಗಳು ಎಂದೋ ಗುಜರಿಯಾದವು. ಪಡೆ ಉಳಿದದ್ದು ಸಿಪಾಯಿಗಳ ಸಂತತಿಯಿಂದ.

ಆದ್ದರಿಂದ ನನ್ನ ಬೇಡಿಕೆ ಎರಡೇ. ನೂರರ ನಾಣ್ಯದ ಮೇಲೆ ಒಬ್ಬ ಹವಾಯಿ ಸಿಪಾಯಿ ಇರಲಿ, ಎಂಜಿನ್ನಿನ ಎಣ್ಣೆ ಮೆತ್ತಿದ ಕೈಯವನು. ಆ ನಾಣ್ಯ ಐದೋ ಹತ್ತೋ ರೂಪಾಯಿಯದಾಗಿ ಬೀದಿಗೆ ಬರಲಿ. ಸಾವಿರಾರು ಬೆರಳು ತಾಗಿ ಅವನ ಮುಖ ಸವೆದುಹೋದರೂ ಚಿಂತೆಯಿಲ್ಲ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಹೊಳೆಯುತ್ತ ಯಾರಿಗೂ ಕಾಣದಿರುವುದಕ್ಕಿಂತ ಅದು ಮೇಲು.