ಯಾರ ವಿಘ್ನ? ಯಾವ ಶುಭಾರಂಭ?

ಹೊಸ ಲೆಕ್ಕದ ಪುಸ್ತಕ ತೆರೆಯಲಿ, ಮನೆಗೆ ಪಾಯ ತೆಗೆಯಲಿ, ಸರ್ಕಾರಿ ಸಭೆ ಶುರುವಾಗಲಿ, ಮೊದಲು ಗಣಪತಿ ಶ್ಲೋಕ. ಇರೋದು ಎರಡೇ ಸಾಲು. ಹಿಡಿದ ಕೆಲಸಕ್ಕೆ ವಿಘ್ನ ಬಾರದಿರಲಿ ಅನ್ನುವುದೇ ಅದರ ಸಾರ. ಕೆಲಸ ಕೆಡಬಾರದು ಅಂತ ಯಾರು ತಾನೇ ಬಯಸೋದಿಲ್ಲ? ಆ ಬಯಕೆಯ ಮೇಲೆ ನಮಗೆ ಜಗಳವಿಲ್ಲ. ಗುಡಿಸಲಲ್ಲಿ ದೀಪ ಹಚ್ಚಿ ಕೈಮುಗಿಯುವ ನಮ್ಮ ಅವ್ವಂದಿರ ಮೇಲೂ ಇಲ್ಲ. ನಮ್ಮ ಪ್ರಶ್ನೆ ಒಂದೇ: ವಿಘ್ನ ಅಂದರೆ ಯಾವುದು, ಅದು ಯಾರಿಗೆ?

ಶುಭಕಾರ್ಯಕ್ಕೆ ಹೊರಟವರು ಹೊಲೆಯ ಮಾದಿಗರು ಎದುರಾದರೆ ಮೈಲಿಗೆಯೆಂದು ಮನೆಗೆ ತಿರುಗಿದ್ದನ್ನು ನಮ್ಮ ಹಿರೀಕರು ಕಂಡಿದ್ದಾರೆ. ಅವರ ಲೆಕ್ಕದಲ್ಲಿ ವಿಘ್ನ ಅಂದರೆ ನಾವೇ! ಪಾಯ ತೋಡಿದವರು ನಾವು, ಕಲ್ಲು ಹೊತ್ತವರು ನಾವು, ತಮಟೆ ಬಡಿದವರು ನಾವು. ಪೂಜೆಯ ಹೊತ್ತಿಗೆ ಮಾತ್ರ ದೂರ ನಿಲ್ಲಬೇಕು.

ನಮ್ಮ ವಿಘ್ನಗಳೇ ಬೇರೆ. ಕೈತಪ್ಪಿದ ಮಂಜೂರಾತಿ ಜಮೀನು, ಹೆಣ ಹೂಳಲು ಸಿಗದ ಜಾಗ, ಹೋಟೆಲಿನ ಬೇರೆ ಲೋಟ. ಇವನ್ನು ಯಾವ ಶ್ಲೋಕ ಕಳೆಯಿತು? 1927ರಲ್ಲಿ ಬಾಬಾಸಾಹೇಬರು ಜನರನ್ನು ಕಟ್ಟಿಕೊಂಡು ಮಹಾಡದ ಚವದಾರ್ ಕೆರೆಗೆ ನಡೆದರು, ನೀರು ಕುಡಿದರು. ಅದು ಆರಂಭ.

ಪುರಾಣದ ಒಳಗೂ ಒಂದು ಮಾತಿದೆ. ಮಾನವ ಗೃಹ್ಯಸೂತ್ರದಲ್ಲಿ ವಿನಾಯಕರು ಅಂದರೆ ಜನರನ್ನು ಹಿಡಿದು ಕಾಡುವ ಪೀಡೆಗಳು. ಮುಂದೆ ಅದೇ ಹೆಸರು ವಿಘ್ನ ಕಳೆಯುವ ದೇವರದಾಯಿತು. ಕಾಡುವವನಿಗೇ ಕೈಮುಗಿದು ಕಾಪಾಡಪ್ಪಾ ಅನ್ನುವುದು ನಮಗೆ ಹೊಸದಲ್ಲ. ಊರ ಗೌಡನ ಅಂಗಳದಲ್ಲಿ ತಲೆತಲಾಂತರ ನಾವು ಮಾಡಿದ್ದೂ ಅದನ್ನೇ.

ಈ ದೇಶವೇ ಹೊಸದಾಗಿ ಶುರುವಾದಾಗ ಏನಾಯ್ತು? 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪೀಠಿಕೆ ಚರ್ಚೆಗೆ ಬಂತು. ದೇವರ ಹೆಸರಿನಿಂದ ಅದು ಶುರುವಾಗಲಿ ಎಂದು ಎಚ್.ವಿ. ಕಾಮತ್ ತಿದ್ದುಪಡಿ ತಂದರು. ಪರವಾಗಿ 41 ಮತ, ವಿರುದ್ಧ 68. ತಿದ್ದುಪಡಿ ಬಿತ್ತು. ಜನರ ಹೆಸರಿನಿಂದಲೇ ಸಂವಿಧಾನ ಶುರುವಾಯಿತು. ವಿರುದ್ಧ ಮತ ಹಾಕಿದವರೆಲ್ಲ ನಾಸ್ತಿಕರೇನಲ್ಲ. ದೇವರು ಅವರವರ ಮನಸ್ಸಿಗೆ ಸೇರಿದ್ದು, ರಾಜ್ಯ ಎಲ್ಲರಿಗೂ ಸೇರಿದ್ದು, ಅಷ್ಟೆ.

ಆದರೂ 2010ರಲ್ಲಿ ಗುಜರಾತ್ ಹೈಕೋರ್ಟಿನ ಹೊಸ ಕಟ್ಟಡಕ್ಕೆ ಭೂಮಿಪೂಜೆ ನಡೆಯಿತು. ಇದು ಸರಿಯೇ ಎಂದು ಕೇಳಿದ ದಲಿತ ಕಾರ್ಯಕರ್ತರೊಬ್ಬರ ಅರ್ಜಿಯನ್ನು 2011ರಲ್ಲಿ ಅದೇ ಕೋರ್ಟು ವಜಾ ಮಾಡಿ 20,000 ರೂಪಾಯಿ ದಂಡ ಹಾಕಿತು. ಪ್ರಶ್ನೆ ಕೇಳುವುದಕ್ಕೂ ನಮ್ಮವರು ಬೆಲೆ ತೆರಬೇಕು! ಆದರೆ ಪ್ರಶ್ನೆ ಸಾಯಲಿಲ್ಲ. 2024ರ ಮಾರ್ಚಿಯಲ್ಲಿ, ಆಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ, ಕೋರ್ಟಿನ ಸಮಾರಂಭಗಳಲ್ಲಿ ಪೂಜೆ ನಿಲ್ಲಿಸಿ ಸಂವಿಧಾನದ ಪೀಠಿಕೆಗೆ ತಲೆಬಾಗೋಣ ಎಂದರು. ಅದಕ್ಕೂ ಮೊದಲೇ, 2023ರ ಸೆಪ್ಟೆಂಬರ್ 15ರಂದು ಕರ್ನಾಟಕದ ಉದ್ದಗಲಕ್ಕೂ ಜನ ಪೀಠಿಕೆ ಓದಿದ್ದರು.

ಬಂಧುಗಳೇ, ಒಂದು ದಿನ ಓದಿ ಮಡಿಚಿಟ್ಟರೆ ಸಾಲದು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತದೆ ಸಂವಿಧಾನದ 28ನೇ ವಿಧಿ. ನಿಮ್ಮೂರ ಶಾಲೆಗೆ ಹೋಗಿ. ಜಗಳ ಬೇಡ, ಮೇಷ್ಟರನ್ನು ಮರ್ಯಾದೆಯಿಂದಲೇ ಕೇಳಿ: ಸಮಾರಂಭಕ್ಕೆ ಮೊದಲು ನಮ್ಮ ಮಕ್ಕಳು ಪೀಠಿಕೆ ಓದಲಿ, ಸ್ವಾಮಿ. ಒಪ್ಪದಿದ್ದರೆ ಬರೆದು ಕೊಡಿ, ಹಿಂಬರಹ ತಗೊಳ್ಳಿ.

ನಮ್ಮ ಕೇರಿಯಲ್ಲೂ ಕೆಲಸ ಉಂಟು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮೂರನೆಯದು ಗೌರಿ ಗಣಪತಿಯರನ್ನು ದೇವರೆಂದು ಪೂಜಿಸೋದಿಲ್ಲ ಅನ್ನುವುದು. ಅದನ್ನು ಬಾಯಿಪಾಠ ಮಾಡಿಸಿದರೆ ಅದೂ ಇನ್ನೊಂದು ಶ್ಲೋಕವಾದೀತು. ಅದರ ಹಿಂದಿನ ಯಾಕೆ ಎಂಬುದನ್ನು ಮಕ್ಕಳಿಗೆ ತಿಳಿಸೋಣ. ವಿಘ್ನ ಯಾವುದೆಂದು ಬೆರಳಿಟ್ಟು ತೋರಿಸೋಣ. ಆಮೇಲೆ ಹತ್ತು ಕೈ ಕೂಡಿ ಅದನ್ನು ದಾರಿಯಿಂದ ಎತ್ತಿ ಎಸೆಯೋಣ.

ಜೈ ಭೀಮ್!