ಹೊಳೆಗೂ ಒಂದು ಹಾಜರಿ ಪುಸ್ತಕ ಬೇಕು

ಜೂನ್ 5 ಬಂತೆಂದರೆ ನಮ್ಮ ಶಾಲೆಗಳಲ್ಲಿ ಗಿಡ ನೆಡುತ್ತೇವೆ, ಜಾಥಾ ಹೊರಡಿಸುತ್ತೇವೆ, ಘೋಷಣೆ ಕೂಗಿಸುತ್ತೇವೆ. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಕಾರ್ಯಕ್ರಮ ಸೇರಿಕೊಂಡಿದೆ. ಅದು ಹೊಳೆ ಸ್ವಚ್ಛತೆ. ಮಕ್ಕಳು ಪೊರಕೆ, ಮಂಕರಿ ಹಿಡಿದು ದಡಕ್ಕೆ ಹೋಗಿ ಪ್ಲಾಸ್ಟಿಕ್ ಹೆಕ್ಕುತ್ತಾರೆ. ಫೋಟೋ ತೆಗೆಸಿಕೊಂಡು ಎಲ್ಲರೂ ಹಿಂದಿರುಗುತ್ತಾರೆ. ಮುಂದಿನ ವಾರ ಅದೇ ಜಾಗದಲ್ಲಿ ಅಷ್ಟೇ ಕಸ ಬಿದ್ದಿರುತ್ತದೆ.

ಶ್ರಮದಾನ ಒಳ್ಳೆಯದು, ಅದರ ಹಿಂದಿನ ಮನಸ್ಸು ದೊಡ್ಡದು. ಆದರೆ ಪ್ರಾಥಮಿಕ ಶಾಲೆಯ ಮಕ್ಕಳಿಂದ ಹೊಳೆ ಬಯಸುವ ಸೇವೆ ಇದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಮೊದಲ ಕಾರಣ ಸುರಕ್ಷತೆ. ದಡದ ಕಸದಲ್ಲಿ ಒಡೆದ ಬಾಟಲಿ, ಬ್ಲೇಡು, ಸೂಜಿ ಇರುತ್ತವೆ. ಇಲಿಯ ಮೂತ್ರ ಸೇರಿದ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕವೂ ಇಲಿಜ್ವರ ಬರಬಹುದು. ಚರಂಡಿ ಸೇರುವ ನೀರಿನಲ್ಲಿ ಮಕ್ಕಳನ್ನು ನಿಲ್ಲಿಸುವುದು ಪರಿಸರ ಶಿಕ್ಷಣವಲ್ಲ. ಕಸ ವಿಲೇವಾರಿ ಪಂಚಾಯಿತಿ ಮತ್ತು ಪುರಸಭೆಗಳ ಹೊಣೆ. ಅದನ್ನು ಹತ್ತು ವರ್ಷದ ಮಗುವಿನ ಹೆಗಲಿಗೆ ಏರಿಸಬಾರದು.

ಎರಡನೆಯ ಕಾರಣ ವಿಜ್ಞಾನದ್ದು. ಹೊಳೆಯ ಕಾಯಿಲೆಯ ದೊಡ್ಡ ಭಾಗ ಕಣ್ಣಿಗೆ ಕಾಣುವುದಿಲ್ಲ. ಚರಂಡಿಯ ಕೊಳೆಯನ್ನು ಬ್ಯಾಕ್ಟೀರಿಯಾಗಳು ತಿನ್ನುವಾಗ ನೀರಿನಲ್ಲಿ ಕರಗಿರುವ ಆಕ್ಸಿಜನ್ ಖರ್ಚಾಗುತ್ತದೆ. ಆಕ್ಸಿಜನ್ ತೀರಾ ಇಳಿದರೆ ಮೀನು ಸಾಯುತ್ತದೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಕ್ಸಿಜನ್ ಇರಬೇಕೆಂದು ನಿಯಮವಿದೆ. ಪ್ಲಾಸ್ಟಿಕ್ ಹೆಕ್ಕಿದ ಮಾತ್ರಕ್ಕೆ ಈ ಅಂಕಿ ಏರುವುದಿಲ್ಲ. ಸೋಪಿನ ನೊರೆ, ಹೊಲದ ಗೊಬ್ಬರ ಬಂದು ಸೇರಿದರೆ ಅಂತರಗಂಗೆ ಹಬ್ಬುತ್ತದೆ. ಅದನ್ನು ಕಿತ್ತು ಹಾಕಿದರೂ ಗೊಬ್ಬರ ಬರುತ್ತಿರುವವರೆಗೆ ಮತ್ತೆ ಬೆಳೆಯುತ್ತದೆ.

ನಮ್ಮೂರಲ್ಲಿ ಹೊಳೆಯೇ ಇಲ್ಲವಲ್ಲ!

ಉಮ್ಮತ್ತೂರಿನ ಶಿಕ್ಷಕರು ಹೀಗೆ ಕೇಳಬಹುದು. ನಿಜ, ಉಮ್ಮತ್ತೂರಿಗೆ ಇರುವುದು ಕೆರೆ. ಆ ಕೆರೆ ತುಂಬಿಸಿ ಎಂದು ರೈತರು ಹೋರಾಡಿದ್ದನ್ನು ಜಿಲ್ಲೆಯೇ ಬಲ್ಲದು. ಹತ್ತಿರದ ಹೊಳೆ ಎಂದರೆ ಪೂರ್ವಕ್ಕೆ ಯಳಂದೂರಿನ ಬಳಿ ಹರಿಯುವ ಸುವರ್ಣಾವತಿ, ನಮ್ಮ ಜನರ ಬಾಯಲ್ಲಿ ಹೊನ್ನುಹೊಳೆ. ಸುಮಾರು 88 ಕಿಲೋಮೀಟರ್ ಉದ್ದದ ಈ ಹೊಳೆಗೆ ಚಾಮರಾಜನಗರ ತಾಲ್ಲೂಕಿನ ಅಟ್ಟುಗೂಳಿಪುರದ ಬಳಿ ಜಲಾಶಯವಿದೆ. ಅಲ್ಲಿಂದ ಮುಂದೆ ಯಳಂದೂರು ಸೀಮೆಯ ಕೆರೆ, ಗದ್ದೆಗಳಿಗೆ ನೀರುಣಿಸಿ ಕೊಳ್ಳೇಗಾಲದ ಕಡೆ ಕಾವೇರಿಯನ್ನು ಸೇರುತ್ತದೆ.

ಈಗ ಜಿಲ್ಲೆಯ ನಕ್ಷೆಯನ್ನು ಮಕ್ಕಳ ಮುಂದೆ ಬಿಡಿಸಿ. ಗುಂಡ್ಲುಪೇಟೆಯ ಗುಂಡ್ಲುಹೊಳೆ ನಂಜನಗೂಡಿನ ಬಳಿ ಕಪಿಲೆಯನ್ನು ಸೇರುತ್ತದೆ, ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಬಂಡೀಪುರದ ದಕ್ಷಿಣದ ಅಂಚಿನ ನೀರು ಮೋಯಾರ್ ಸೇರಿ, ಅಲ್ಲಿಂದ ಭವಾನಿ ಸೇರಿ, ತಮಿಳುನಾಡಿನಲ್ಲಿ ಕಾವೇರಿಗೆ ಬೀಳುತ್ತದೆ. ಮಲೆ ಮಹದೇಶ್ವರ ಬೆಟ್ಟದ ಕಡೆಯ ಪಾಲಾರ್ ಕೂಡ ಕಾವೇರಿಗೇ. ನಮ್ಮ ಜಿಲ್ಲೆಯಲ್ಲಿ ಬಿದ್ದ ಮಳೆ ಯಾವ ದಾರಿ ಹಿಡಿದರೂ, ಇಂಗದೆ ಆರದೆ ಹರಿದದ್ದೆಲ್ಲ ಕೊನೆಗೆ ಕಾವೇರಿಯ ಪಾಲು.

ಹಾಗಾಗಿ ಹೊಳೆ ಅದರ ದಡದಲ್ಲಿ ಶುರುವಾಗುವುದಿಲ್ಲ. ಶಾಲೆಯ ಮಾಡಿನ ನೀರು, ಹೊಲದ ಬದು, ಊರ ಹಿಂದಿನ ಹಳ್ಳ, ಕೆರೆಯ ಕೋಡಿ ಎಲ್ಲವೂ ಹೊಳೆಯ ಬೇರುಗಳೇ. ಉಮ್ಮತ್ತೂರಿನ ಕೆರೆಗೆ ನೀರು ತರುವ ಹಳ್ಳವನ್ನು ಕಾಯುವುದೂ ಹೊಳೆ ಕಾಯುವ ಕೆಲಸವೇ.

ಹಾಗಾದರೆ ಮಕ್ಕಳು ಮಾಡಬೇಕಾದ್ದೇನು?

ನೋಡಬೇಕು, ಅಳೆಯಬೇಕು, ಬರೆದಿಡಬೇಕು. ತರಗತಿಯಲ್ಲಿ ಪ್ರತಿದಿನ ಹಾಜರಿ ಕರೆಯುತ್ತೇವಲ್ಲವೇ? ಹೊಳೆಗೋ ಹಳ್ಳಕ್ಕೋ ಕೆರೆಗೋ ವಾರಕ್ಕೊಮ್ಮೆ ಹಾಜರಿ ಕರೆಯೋಣ. ಶನಿವಾರ ಹದಿನೈದು ನಿಮಿಷ ಸಾಕು. ನೀರನ್ನು ಬಕೆಟ್ಟಿನಲ್ಲಿ ಮೇಲೆತ್ತುವವರು ಶಿಕ್ಷಕರು ಅಥವಾ ಪೋಷಕರು. ಮಕ್ಕಳು ದಡದಿಂದ ದೂರವೇ ಇರಬೇಕು.

ನೀರಿನ ತಿಳಿಯನ್ನು ಅಳೆಯಲು ಉದ್ದನೆಯ ಪಾರದರ್ಶಕ ಬಾಟಲಿ ಸಾಕು. ಅದರ ತಳದ ಕೆಳಗೆ ಕಪ್ಪು ಗುಣಾಕಾರ ಚಿಹ್ನೆ ಬರೆದ ಕಾಗದವಿಟ್ಟು ಮೇಲಿನಿಂದ ನೋಡುತ್ತ ನೀರು ಸುರಿಯಿರಿ. ಚಿಹ್ನೆ ಮರೆಯಾದ ಕೂಡಲೇ ನಿಲ್ಲಿಸಿ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆಯಿರಿ. ಎತ್ತರ ಹೆಚ್ಚಿದಷ್ಟೂ ನೀರು ತಿಳಿ. ಇದು ಮಕ್ಕಳಾಟವಲ್ಲ. 1865ರಲ್ಲಿ ಇಟಲಿಯ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಸಮುದ್ರಕ್ಕೆ ಬಿಳಿಯ ತಟ್ಟೆಯೊಂದನ್ನು ಇಳಿಸಿ, ಅದು ಎಷ್ಟು ಆಳದಲ್ಲಿ ಮರೆಯಾಗುತ್ತದೆ ಎಂದು ನೋಡಿದ್ದರು. ಅದೇ ತತ್ವದ ತಟ್ಟೆಯನ್ನು ಇಂದಿಗೂ ವಿಜ್ಞಾನಿಗಳು ಬಳಸುತ್ತಾರೆ.

ಹರಿವನ್ನು ಅಳೆಯಲು ಒಂದು ನಿಂಬೆಹಣ್ಣು ಬೇಕು. ಹಳ್ಳದಲ್ಲಿ 10 ಮೀಟರ್ ದೂರವನ್ನು ಅದು ತೇಲಿ ದಾಟಲು 20 ಸೆಕೆಂಡ್ ಹಿಡಿಯಿತು ಎನ್ನಿ. ವೇಗ ಸೆಕೆಂಡಿಗೆ ಅರ್ಧ ಮೀಟರ್. ಅಗಲ 4 ಮೀಟರ್, ಸರಾಸರಿ ಆಳ 30 ಸೆಂಟಿಮೀಟರ್ ಇದ್ದರೆ ಮೂರನ್ನೂ ಗುಣಿಸಿ: 0.6 ಘನ ಮೀಟರ್. ತಳದ ನೀರು ಮೇಲಿನ ನೀರಿಗಿಂತ ನಿಧಾನ, ಆದ್ದರಿಂದ 0.85ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 510 ಲೀಟರ್. ಜಲ ಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕುತ್ತದೆ. ಹಾಗಾದರೆ ಈ ಹಳ್ಳದಲ್ಲಿ ಒಂದು ಗಂಟೆ ಹರಿಯುವ ನೀರು ಎಷ್ಟು ಜನರಿಗೆ ಒಂದು ದಿನಕ್ಕೆ ಸಾಕು? 33 ಸಾವಿರಕ್ಕೂ ಹೆಚ್ಚು ಜನರಿಗೆ! ಏಳನೇ ತರಗತಿಯ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಇದೆಯೇ?

ನೀರಿನ ಹುಳುಗಳನ್ನೂ ಗಮನಿಸಿ. ಬಕೆಟ್ಟಿನಲ್ಲಿ ತಂದ ಕಲ್ಲಿನ ಅಡಿಯಲ್ಲಿ, ಹಿಂದೆ ಎಳೆಎಳೆಯಾದ ಬಾಲಗಳಿರುವ ಮೇಫ್ಲೈ ಮರಿಗಳು ಕಂಡರೆ ನೀರಿನಲ್ಲಿ ಆಕ್ಸಿಜನ್ ಚೆನ್ನಾಗಿದೆ ಎಂದು ಊಹಿಸಬಹುದು. ಕೆಂಪು ಹುಳುಗಳು ಮಾತ್ರ ತುಂಬಿದ್ದರೆ ಅನುಮಾನಪಡಿ. ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆ ಹಿಮೋಗ್ಲೋಬಿನ್ ಇದೆ. ಹಾಗಾಗಿ ಆಕ್ಸಿಜನ್ ಕಡಿಮೆಯಿರುವ ಕೊಳೆ ನೀರಿನಲ್ಲೂ ಅವು ಬದುಕುತ್ತವೆ.

ಬರೆದಿಟ್ಟರೆ ಏನು ಬಂತು?

ಈ ಪ್ರಶ್ನೆ ಬಂದೇ ಬರುತ್ತದೆ. ಬಿಸಿಯೂಟ, ಗಣತಿ, ತರಬೇತಿ, ದಾಖಲೆಗಳ ನಡುವೆ ಇನ್ನೊಂದು ಪುಸ್ತಕವೇ ಎಂದು ಶಿಕ್ಷಕರು ನಿಟ್ಟುಸಿರು ಬಿಟ್ಟರೆ ತಪ್ಪಲ್ಲ. ಆದರೂ ಯೋಚಿಸಿ. "ಹಳ್ಳದ ನೀರು ಗಲೀಜಾಗಿದೆ" ಎಂದರೆ ಅದು ದೂರು. "ಚರಂಡಿ ಸೇರುವ ಜಾಗಕ್ಕಿಂತ ಮೇಲೆ ಚಿಹ್ನೆ 30 ಸೆಂಟಿಮೀಟರಿನವರೆಗೆ ಕಾಣುತ್ತದೆ, ಕೆಳಗೆ 8 ಸೆಂಟಿಮೀಟರಿಗೇ ಮರೆಯಾಗುತ್ತದೆ, ನಲವತ್ತು ವಾರಗಳಿಂದ ಹೀಗೇ ಇದೆ" ಎಂದರೆ ಅದು ಸಾಕ್ಷ್ಯ. ದೂರನ್ನು ತಳ್ಳಿಹಾಕುವುದು ಸುಲಭ, ಸಾಕ್ಷ್ಯವನ್ನು ತಳ್ಳಿಹಾಕುವುದು ಕಷ್ಟ. ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ಇದೆ. ಅಲ್ಲಿ ಈ ಪುಸ್ತಕವನ್ನು ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಓದಲಿ. ಉತ್ತರ ಕೊಡಬೇಕಾದವರು ಎದುರಿಗೇ ಕುಳಿತಿರುತ್ತಾರೆ.

ದೊಡ್ಡ ಮಟ್ಟದಲ್ಲೂ ನಡೆಯುವುದು ಇದೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ನದಿ ಭಾಗಗಳನ್ನು ಮಲಿನ ಎಂದು ಗುರುತಿಸಿತು. ಕರ್ನಾಟಕದ್ದು 17. ನಮ್ಮ ನೆರೆಯ ಕಪಿಲೆ, ನಮ್ಮ ಕಾವೇರಿ ಎರಡೂ ಆ ಪಟ್ಟಿಯಲ್ಲಿದ್ದವು. ನೀರನ್ನು ಅಳೆದದ್ದರಿಂದಲೇ ಪಟ್ಟಿ ಸಾಧ್ಯವಾಯಿತು. ಆದರೆ ಮಂಡಳಿಯ ಸಿಬ್ಬಂದಿ ಪ್ರತಿ ಹಳ್ಳಕ್ಕೂ ಬರಲಾರರು. ಅಲ್ಲಿ ಶಾಲೆಯಿದೆ.

ದಾಖಲೆಗೆ ಇನ್ನೊಂದು ಉಪಯೋಗವೂ ಇದೆ. 2022ರ ಮಳೆಗಾಲದಲ್ಲಿ ಸುವರ್ಣಾವತಿ ಜಲಾಶಯ ತುಂಬಿ ಹೊಳೆಗೆ ನೀರು ಬಿಟ್ಟಾಗ ಯಳಂದೂರು ತಾಲ್ಲೂಕಿನ ಜಮೀನುಗಳಿಗೆ ನೀರು ನುಗ್ಗಿತು. ಬರಗಾಲದಲ್ಲಿ ಅದೇ ಹೊಳೆ ಒಣಗಿ ಮಲಗುತ್ತದೆ. ಎಲ್ಲಿ ಹೂಳು ತುಂಬಿದೆ, ಎಲ್ಲಿ ದಡ ಕುಸಿದಿದೆ, ಎಲ್ಲಿ ಹಳ್ಳದ ದಾರಿ ಒತ್ತುವರಿಯಾಗಿದೆ ಎಂಬುದನ್ನು ವರ್ಷವಿಡೀ ನೋಡಿದವರು ಮಾತ್ರ ಹೇಳಬಲ್ಲರು.

ಸೇವೆ ಎಂದರೆ ಹಿಡಿದ ಕೆಲಸ ಬಿಡದಿರುವುದು

ನೆರೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಕುಂದೂರು ಬೆಟ್ಟದ ಆಸುಪಾಸಿನಲ್ಲಿ ಒಂದಾದ ಮೇಲೊಂದರಂತೆ ಹತ್ತಕ್ಕೂ ಹೆಚ್ಚು ಕಟ್ಟೆ ತೋಡಿದರು. 2020ರಲ್ಲಿ ಪ್ರಧಾನಿ ತಮ್ಮ ಬಾನುಲಿ ಭಾಷಣದಲ್ಲಿ ಅವರನ್ನು ನೆನೆದರು. 2022ರಲ್ಲಿ ಅವರು ತೀರಿಕೊಂಡರು. ಅವರದು ಒಂದು ದಿನದ ಶ್ರಮದಾನವಲ್ಲ, ವರ್ಷಗಟ್ಟಲೆ ನಡೆದ ಕೆಲಸ. ರಾಜಸ್ಥಾನದ ಅರ್ವರಿ ನದಿ ಮತ್ತೆ ಹರಿದದ್ದೂ ಹೀಗೆಯೇ. ರಾಜೇಂದ್ರ ಸಿಂಗ್ ಮತ್ತು ಹಳ್ಳಿಗರು ನದಿಯ ದಡದಲ್ಲಿ ಕಸ ಗುಡಿಸುತ್ತ ಕೂರಲಿಲ್ಲ. ನೀರು ಹುಟ್ಟುವ ಇಳಿಜಾರುಗಳಲ್ಲಿ ಜೋಹಡ್ ಎಂಬ ಸಣ್ಣ ಕಟ್ಟೆಗಳನ್ನು ವರ್ಷಗಳ ಕಾಲ ಕಟ್ಟಿದರು.

ಸಂವಿಧಾನದ 51ಎ ವಿಧಿ ನದಿಗಳನ್ನು ಕಾಪಾಡುವುದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ ಎನ್ನುತ್ತದೆ. ಮಕ್ಕಳ ಪಾಲಿಗೆ ಆ ಕರ್ತವ್ಯದ ಮೊದಲ ಪಾಠ ಪೊರಕೆಯಾಗುವುದು ಬೇಡ, ಪೆನ್ಸಿಲ್ ಆಗಲಿ. ಪೊರಕೆ ಹಿಡಿಯಬೇಕಾದ ದೊಡ್ಡವರನ್ನು ಎಬ್ಬಿಸುವ ಶಕ್ತಿ ಆ ಪೆನ್ಸಿಲ್ಲಿಗೆ ಇದೆ.

ಶಿಕ್ಷಕ ಮಿತ್ರರೇ, ಈ ಶನಿವಾರವೇ ಒಂದು ಹಳೆಯ ನೋಟ್‌ಬುಕ್ಕಿಗೆ ರಟ್ಟು ಹಾಕಿ. ಮೊದಲ ಪುಟದಲ್ಲಿ ನಿಮ್ಮ ಹಳ್ಳದ ಹೆಸರು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಊರ ಹಿರಿಯರನ್ನು ಕೇಳಿ ಬರಲು ಮಕ್ಕಳನ್ನು ಕಳುಹಿಸಿ. ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.